ಕೆಂಡದ ಮೇಲಿನ ತರಕಾರಿಗೆ ಜಾರ್ಜಿಯಾದ ರುಚಿ: ಮಸಾಲೆ ಯಾವಾಗ, ಹುಳಿ ಯಾವಾಗ

ಬದನೆಕಾಯಿಗೆ ಮಸಾಲೆ ಮೆತ್ತಿ ಕೆಂಡದ ಮೇಲೆ ಇಡಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ಜಾರ್ಜಿಯಾದ ರುಚಿ ಬೇಕು ಅಂದರೆ ಆ ಮಸಾಲೆಯಲ್ಲಿ ಮುಕ್ಕಾಲು ಪಾಲು ಬೆಂಕಿಯಿಂದ ಇಳಿಸಿದ ಮೇಲೆ ಹಾಕಬೇಕಾದದ್ದು. ಈ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಮುಖ್ಯವಾಗಿ ಇದನ್ನೇ.

ಜಾರ್ಜಿಯಾ ಅಂದರೆ ಇಲ್ಲಿ ಕಾಕಸಸ್ ಬೆಟ್ಟಗಳ ಮಡಿಲಲ್ಲಿರುವ ದೇಶ, ತ್ಬಿಲಿಸಿ ರಾಜಧಾನಿಯಾಗಿರುವ ನಾಡು. ಅಲ್ಲಿ ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಮಾಂಸಕ್ಕೆ ಮ್ತ್ಸ್ವಾದಿ ಅನ್ನುತ್ತಾರೆ. ಪೂರ್ವದ ಕಾಖೇತಿ ದ್ರಾಕ್ಷಿ ಬೆಳೆಯುವ ಸೀಮೆ. ಅಲ್ಲಿನವರು ಮ್ತ್ಸ್ವಾದಿಗೆ ಉಪ್ಪು ಬಿಟ್ಟು ಬೇರೇನೂ ಹಾಕದೆ ಸುಡುವುದೇ ಹೆಚ್ಚು. ಸುಟ್ಟಾದ ಮೇಲೆ ಹಸಿ ಈರುಳ್ಳಿ, ದಾಳಿಂಬೆ ರಸ, ಪಕ್ಕದಲ್ಲಿ ಹುಳಿ ಪ್ಲಮ್ ಚಟ್ನಿ. ರುಚಿಯ ಆಟವೆಲ್ಲ ಬೆಂಕಿ ಆದ ನಂತರ ನಡೆಯುತ್ತದೆ. ತರಕಾರಿಗೆ ಈ ಕ್ರಮ ಮಾಂಸಕ್ಕಿಂತ ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅನುಭವ. ತರಕಾರಿ ಬೇಗ ಬೇಯುತ್ತದೆ, ಒಳಗೆ ಮಸಾಲೆ ಇಳಿಯುವಷ್ಟು ಹೊತ್ತು ಕೆಂಡದ ಮೇಲೆ ಇರುವುದೇ ಇಲ್ಲ, ಮೇಲೆ ಮೆತ್ತಿದ ಪುಡಿ ಮಾತ್ರ ಸುಟ್ಟು ಕಹಿಯಾಗುತ್ತದೆ.

ಇನ್ನೊಂದು ಮಾತು. ಸಸ್ಯಾಹಾರದ ಬಾರ್ಬೆಕ್ಯೂ ಅಂದರೆ ಮಾಂಸದ ನಕಲು ಮಾಡಬೇಕು ಅನ್ನುವ ಯೋಚನೆ ಬಿಟ್ಟುಬಿಡಿ. ಜಾರ್ಜಿಯಾದ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ವ್ರತ ಹಿಡಿಯುತ್ತಾರೆ. ವಾರದಲ್ಲಿ ಬುಧವಾರ, ಶುಕ್ರವಾರ, ಅದರ ಮೇಲೆ ಈಸ್ಟರ್‌ಗೆ ಮುಂಚೆ ಸುಮಾರು ಏಳು ವಾರಗಳ ದೊಡ್ಡ ವ್ರತ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಆ ಅಡುಗೆಗೆ ಸಮಾರ್ಖ್ವೋ ಅನ್ನುವ ಹೆಸರೇ ಇದೆ, ಹೋಟೆಲಿನ ಪಟ್ಟಿಯಲ್ಲೂ ಆ ಪದ ಕಾಣಿಸುತ್ತದೆ. ಅಂದರೆ ಬೆಣ್ಣೆ ಇಲ್ಲದೆ, ಗಿಣ್ಣು (ಚೀಸ್) ಇಲ್ಲದೆ ತರಕಾರಿಯನ್ನು ಹೊಟ್ಟೆ ತುಂಬುವ ಊಟ ಮಾಡುವ ದಾರಿ ಅಲ್ಲಿ ಎಂದೋ ತಯಾರಾಗಿದೆ. ಆ ದಾರಿಯ ಹೆಸರು ಅಕ್ರೋಟ್. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಡಬ್ಬಿಯಲ್ಲಿ ಏನಿರಬೇಕು

ಎಲ್ಲಕ್ಕಿಂತ ಮುಖ್ಯ ಉತ್ಸ್ಖೋ ಸುನೇಲಿ. ಹೆಸರಿನ ಅರ್ಥ ಪರದೇಶದ ಪರಿಮಳ ಅಂತ. ಇದು ನೀಲಿ ಹೂವಿನ ಮೆಂತ್ಯ, ನಾವು ಬಳಸುವ ಮೆಂತ್ಯದ ಹತ್ತಿರದ ನೆಂಟ. ಬೀಜವನ್ನು ಸಿಪ್ಪೆಯ ಸಮೇತ ಒಣಗಿಸಿ ಪುಡಿ ಮಾಡುತ್ತಾರೆ. ಕಹಿ ಬಹಳ ಕಡಿಮೆ, ಒಣಹುಲ್ಲಿನ ಮತ್ತು ಹುರಿದ ಬೀಜದ ವಾಸನೆ ಜಾಸ್ತಿ. ಇದು ಸಿಗದಿದ್ದರೆ ಮಾಮೂಲಿ ಮೆಂತ್ಯವನ್ನು ಸಣ್ಣ ಉರಿಯಲ್ಲಿ ಬಣ್ಣ ಬದಲಾಗುವ ಮುಂಚೆಯೇ ಇಳಿಸಿ ಪುಡಿ ಮಾಡಿ, ಹೇಳಿದ ಅಳತೆಯ ಮೂರನೇ ಒಂದು ಭಾಗ ಮಾತ್ರ ಹಾಕಿ, ಜೊತೆಗೆ ಒಣಗಿದ ಮೆಂತ್ಯ ಸೊಪ್ಪನ್ನು ಕೈಯಲ್ಲಿ ಹೊಸಕಿ ಸ್ವಲ್ಪ ಸೇರಿಸಿ. ಪೂರ್ತಿ ಅದೇ ರುಚಿ ಬರುವುದಿಲ್ಲ, ಆದರೆ ದಾರಿ ತಪ್ಪುವುದಿಲ್ಲ.

ಎರಡನೆಯದು ಚೆಂಡುಹೂವಿನ ಒಣ ಎಸಳಿನ ಪುಡಿ. ಇದನ್ನು ಅಲ್ಲಿ ಹಳದಿ ಹೂವು ಅಂತಲೂ ಇಮೆರೇತಿಯ (ಪಶ್ಚಿಮದ ಒಂದು ಸೀಮೆ) ಕೇಸರಿ ಅಂತಲೂ ಕರೆಯುತ್ತಾರೆ. ನಿಜವಾದ ಕೇಸರಿ ಅಲ್ಲ, ಕೊಳ್ಳುವಾಗ ನೆನಪಿರಲಿ. ಬಣ್ಣ ಕೊಡುವುದರ ಜೊತೆಗೆ ಮಣ್ಣಿನಂಥ ಒಂದು ಆಳವಾದ ವಾಸನೆ ಇದಕ್ಕಿದೆ, ಅಕ್ರೋಟ್ ಜೊತೆ ಸೇರಿದಾಗ ಅದು ಗೊತ್ತಾಗುತ್ತದೆ. ಹೂವಿನ ಅಂಗಡಿಯ ಚೆಂಡುಹೂವು ಬೇಡ, ಅದಕ್ಕೆ ಔಷಧ ಹೊಡೆದಿರುತ್ತಾರೆ. ತಿನ್ನಲು ಅಂತಲೇ ಬೆಳೆದದ್ದು ಅಥವಾ ಒಣಗಿಸಿ ಮಾರುವುದು ಮಾತ್ರ. ಇಲ್ಲವಾದರೆ ಬಿಟ್ಟುಬಿಡಿ. ಬಣ್ಣಕ್ಕೆ ಒಂದು ಚಿಟಿಕೆ ಅರಿಶಿನ ಸಾಕು, ಜಾಸ್ತಿ ಆದರೆ ರುಚಿ ಬೇರೆ ದೇಶಕ್ಕೆ ಹೋಗಿಬಿಡುತ್ತದೆ.

ಕೊತ್ತಂಬರಿ ಬೀಜದ ಪುಡಿ ಬೇಕೇ ಬೇಕು. ಹುರಿಯುವುದು ಬೇಡ, ಹಸಿಯಾಗಿಯೇ ತರಿತರಿಯಾಗಿ ಕುಟ್ಟಿ. ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಸಬ್ಬಸಿಗೆ, ಕೊತ್ತಂಬರಿ ಸೊಪ್ಪು, ನೇರಳೆ ಬಣ್ಣದ ತುಳಸಿ ಜಾತಿಯ ರೆಹಾನಿ, ಟಾರಗನ್ ಅನ್ನುವ ಪರಿಮಳದ ಸೊಪ್ಪು, ಇವಿಷ್ಟು ಇದ್ದರೆ ಜಾರ್ಜಿಯಾದ ಅಡುಗೆಮನೆ ಅರ್ಧ ಬಂದ ಹಾಗೆ.

ಖ್ಮೇಲಿ ಸುನೇಲಿ ಅನ್ನುವ ಸಿದ್ಧ ಪುಡಿ ನೀವು ಕೇಳಿರಬಹುದು. ಅರ್ಥ ಸುಮ್ನೆ ಒಣ ಮಸಾಲೆ ಅಂತ. ಒಬ್ಬೊಬ್ಬರದು ಒಂದೊಂದು ಅಳತೆ. ನಾನು ಮಾಡುವುದು ಹೀಗೆ: ಕೊತ್ತಂಬರಿ ಪುಡಿ 2 ದೊಡ್ಡ ಚಮಚ, ಉತ್ಸ್ಖೋ ಸುನೇಲಿ 2 ದೊಡ್ಡ ಚಮಚ, ಒಣ ಸಬ್ಬಸಿಗೆ, ಒಣ ತುಳಸಿ ಜಾತಿಯ ಸೊಪ್ಪು, ಚೆಂಡುಹೂವಿನ ಪುಡಿ ತಲಾ 1 ದೊಡ್ಡ ಚಮಚ, ಕೊಂದಾರಿ ಅನ್ನುವ ಒಣ ಸೊಪ್ಪು 1 ದೊಡ್ಡ ಚಮಚ (ಇಲ್ಲದಿದ್ದರೆ ಥೈಮ್), ಒಣ ಪುದೀನ 1 ಸಣ್ಣ ಚಮಚ, ಕಾಳುಮೆಣಸು ಅರ್ಧ ಸಣ್ಣ ಚಮಚ, 2 ಬೇ ಎಲೆಯ ನುಣ್ಣನೆ ಪುಡಿ. ಅಂಗಡಿಯ ಪುಡಿ ತಂದಿದ್ದರೆ ಮೊದಲು ನಾಲಿಗೆಗೆ ಇಟ್ಟು ನೋಡಿ, ಕೆಲವದರಲ್ಲಿ ಉಪ್ಪು ಸೇರಿಸಿರುತ್ತಾರೆ.

ಸ್ವಾನೇತಿಯ ಉಪ್ಪು ಮತ್ತು ಅಜಿಕಾ

ನನಗೆ ಒಂದೇ ಒಂದು ವಸ್ತು ಆರಿಸಿಕೋ ಅಂದರೆ ಸ್ವಾನುರಿ ಮರಿಲಿ ಆರಿಸುತ್ತೇನೆ. ಸ್ವಾನೇತಿ ವಾಯವ್ಯದ ಎತ್ತರದ ಬೆಟ್ಟ ಸೀಮೆ, ಮರಿಲಿ ಅಂದರೆ ಉಪ್ಪು. ಬೆಳ್ಳುಳ್ಳಿ ಮತ್ತು ಮಸಾಲೆ ಕುಟ್ಟಿ ಬೆರೆಸಿದ ಉಪ್ಪು ಇದು. 100 ಗ್ರಾಂ ಕಲ್ಲುಪ್ಪಿಗೆ ಒಂದು ಸಣ್ಣ ಗಡ್ಡೆ ಬೆಳ್ಳುಳ್ಳಿ, ಸುಮಾರು 30 ಗ್ರಾಂ. ಮೊದಲು ಬೆಳ್ಳುಳ್ಳಿಯನ್ನು ಒಂದು ಹಿಡಿ ಉಪ್ಪಿನ ಜೊತೆ ಒರಳಿನಲ್ಲಿ ಚೆನ್ನಾಗಿ ಜಜ್ಜಿ, ನಾರು ಕಾಣಬಾರದು. ಆಮೇಲೆ ಕೊತ್ತಂಬರಿ ಪುಡಿ 2 ಸಣ್ಣ ಚಮಚ, ಉತ್ಸ್ಖೋ ಸುನೇಲಿ 2 ಸಣ್ಣ ಚಮಚ, ಸಬ್ಬಸಿಗೆ ಬೀಜ, ಚೆಂಡುಹೂವು, ಕೆಂಪು ಮೆಣಸಿನ ಪುಡಿ ತಲಾ 1 ಸಣ್ಣ ಚಮಚ. ಸ್ವಾನೇತಿಯಲ್ಲಿ ಬೆಟ್ಟದ ಕಾಡು ಕ್ಯಾರವೇ ಬೀಜವನ್ನೂ ಹಾಕುತ್ತಾರೆ. ನೋಡಲು ಜೀರಿಗೆಯ ಹಾಗಿರುತ್ತದೆ, ವಾಸನೆ ಬೇರೆ. ಮಾಮೂಲಿ ಕ್ಯಾರವೇ ಅರ್ಧ ಸಣ್ಣ ಚಮಚ ಹಾಕಿದರೂ ನಡೆಯುತ್ತದೆ. ಜೀರಿಗೆಯನ್ನು ಮಾತ್ರ ಅದರ ಬದಲಿಗೆ ಹಾಕಬೇಡಿ, ಎಲ್ಲವನ್ನೂ ಮುಚ್ಚಿಹಾಕುತ್ತದೆ. ಉಳಿದ ಉಪ್ಪು ಸೇರಿಸಿ ಕೈಯಲ್ಲಿ ಉಜ್ಜಿ, ತಟ್ಟೆಯಲ್ಲಿ ಹರಡಿ ಒಂದು ದಿನ ನೆರಳಲ್ಲಿ ಒಣಗಿಸಿ ಬಾಟಲಿಗೆ ತುಂಬಿ.

ಇದನ್ನು ಸುಡುವ ಮುಂಚೆ ಹಾಕಿದರೆ ಒಳಗಿನ ಬೆಳ್ಳುಳ್ಳಿ ಕರಕಲಾಗುತ್ತದೆ. ಕೆಂಡದಿಂದ ಇಳಿಸಿದ ಕ್ಷಣ, ತರಕಾರಿ ಇನ್ನೂ ಚುರ್ ಅನ್ನುತ್ತಿರುವಾಗ ಉದುರಿಸಿ. ಆ ಬಿಸಿಗೆ ಬೆಳ್ಳುಳ್ಳಿಯ ಹಸಿ ಖಾರ ಮಾತ್ರ ಹೋಗುತ್ತದೆ, ವಾಸನೆ ಉಳಿಯುತ್ತದೆ. ಬೇಯಿಸಿ ಕಂಬಿಗೆ ಚುಚ್ಚಿ ಸುಟ್ಟ ಆಲೂಗಡ್ಡೆಗೆ ಈ ಉಪ್ಪು ಹಾಕಿ ತಿಂದು ನೋಡಿ, ಬೇರೆ ಏನೂ ಬೇಡ ಅನ್ನಿಸುತ್ತದೆ.

ಅಜಿಕಾ ಖಾರದ ಚಟ್ನಿ. ಪಶ್ಚಿಮದ ಸಮೆಗ್ರೆಲೋ ಮತ್ತು ಅಬ್ಖಾಜಿಯಾದ್ದು, ಅಬ್ಖಾಜ್ ಭಾಷೆಯಲ್ಲಿ ಈ ಪದಕ್ಕೆ ಉಪ್ಪು ಅನ್ನುವ ಅರ್ಥವೇ ಇದೆ. ಟೊಮೇಟೊ ಹಾಕಿದ ಸಿಹಿ ಸಾಸ್‌ಗಳನ್ನೂ ಅಜಿಕಾ ಅಂತ ಮಾರುತ್ತಾರೆ, ಹಳೆಯ ರೀತಿಯ ಅಜಿಕಾದಲ್ಲಿ ಟೊಮೇಟೊ ಇಲ್ಲ. 100 ಗ್ರಾಂ ಒಣ ಕೆಂಪು ಮೆಣಸಿನಕಾಯಿಯನ್ನು (ಬಣ್ಣ ಜಾಸ್ತಿ, ಖಾರ ಕಡಿಮೆ ಇರುವುದು ಒಳ್ಳೆಯದು) ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. 50 ಗ್ರಾಂ ಬೆಳ್ಳುಳ್ಳಿ, 30 ಗ್ರಾಂ ಉಪ್ಪು, ಕೊತ್ತಂಬರಿ ಪುಡಿ ಮತ್ತು ಉತ್ಸ್ಖೋ ಸುನೇಲಿ ತಲಾ 1 ದೊಡ್ಡ ಚಮಚ ಸೇರಿಸಿ ನೀರು ಹಾಕದೆ ಗಟ್ಟಿಯಾಗಿ ರುಬ್ಬಿ. ಫ್ರಿಜ್‌ನಲ್ಲಿಡಿ, ಮೂರನೆಯ ದಿನದಿಂದ ರುಚಿ ಕೂಡಿಬರುತ್ತದೆ. ಹಸಿರು ಅಜಿಕಾಕ್ಕೆ ಹಸಿ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಸೆಲರಿ ಎಲೆ, ಬೆಳ್ಳುಳ್ಳಿ, ಉಪ್ಪು, ಮನಸ್ಸಿದ್ದರೆ ಒಂದು ಹಿಡಿ ಅಕ್ರೋಟ್. ಅಜಿಕಾವನ್ನು ಕೆಂಡದ ಮೇಲೆ ಬಳಸಬಹುದು, ಆದರೆ ಒಂದು ಚಮಚಕ್ಕೆ ಎರಡು ಚಮಚ ಸೂರ್ಯಕಾಂತಿ ಎಣ್ಣೆ ಬೆರೆಸಿ ಕೊನೆಯ ಎರಡು ನಿಮಿಷದಲ್ಲಿ ಮಾತ್ರ ಸವರಬೇಕು. ನಾನು ಒಮ್ಮೆ ಹೂಕೋಸಿಗೆ ಮೊದಲೇ ಸವರಿ ಸುಟ್ಟಿದ್ದೆ. ಹೊರಗೆ ಕಪ್ಪು, ಒಳಗೆ ಹಸಿ, ಮನೆಯಿಡೀ ಮೆಣಸಿನ ಘಾಟು, ಎಲ್ಲರಿಗೂ ಕೆಮ್ಮು. ಅವತ್ತಿನಿಂದ ಈ ಕ್ರಮ ಬಿಟ್ಟಿಲ್ಲ.

ಅಕ್ರೋಟ್: ಇಲ್ಲಿ ಅವಸರ ಬೇಡ

ಮಾಂಸಕ್ಕೆ ತನ್ನದೇ ಕೊಬ್ಬು ಇರುತ್ತದೆ, ಬೆಂಕಿಯಲ್ಲಿ ಅದು ಕರಗಿ ರುಚಿ ಕೊಡುತ್ತದೆ. ತರಕಾರಿಗೆ ಅದಿಲ್ಲ. ಬರೀ ಎಣ್ಣೆ ಸವರಿದರೆ ಜಿಡ್ಡಾಗುತ್ತದೆ ಅಷ್ಟೇ, ತುಂಬಿದ ರುಚಿ ಬರುವುದಿಲ್ಲ. ಜಾರ್ಜಿಯಾದವರು ಆ ಜಾಗಕ್ಕೆ ಅಕ್ರೋಟ್ ತಂದರು. ಬಾಜೆ ಅನ್ನುವ ಸಾರಿನಂಥ ಚಟ್ನಿ, ಪ್ಖಾಲಿ ಅನ್ನುವ ಸೊಪ್ಪಿನ ಉಂಡೆ, ಬದನೆಕಾಯಿ ಸುರುಳಿ, ಎಲ್ಲದರ ತಳಪಾಯ ಒಂದೇ ಹಿಟ್ಟು.

ಅಕ್ರೋಟ್ ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಬಣ್ಣ ತಿಳಿಯಾಗಿರಬೇಕು, ಸಿಹಿಯಾಗಿರಬೇಕು. ಗಂಟಲಲ್ಲಿ ಕೆರೆತ, ಹಳೆಯ ಎಣ್ಣೆಯ ವಾಸನೆ ಬಂದರೆ ಬೇಡವೇ ಬೇಡ, ಯಾವ ಮಸಾಲೆಯೂ ಅದನ್ನು ಮುಚ್ಚುವುದಿಲ್ಲ. ಹುರಿಯಬೇಡಿ. 200 ಗ್ರಾಂ ಅಕ್ರೋಟನ್ನು ಬೆಳ್ಳುಳ್ಳಿಯ 3 ಎಸಳು, ಉಪ್ಪು, ಉತ್ಸ್ಖೋ ಸುನೇಲಿ ಮತ್ತು ಕೊತ್ತಂಬರಿ ಪುಡಿ ತಲಾ 1 ಸಣ್ಣ ಚಮಚ, ಚೆಂಡುಹೂವು ಅರ್ಧ ಚಮಚ, ಚಿಟಿಕೆ ಮೆಣಸಿನ ಪುಡಿಯ ಜೊತೆ ನುಣ್ಣಗೆ ರುಬ್ಬಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಬಿಸಿಯಾಗಬಾರದು. ಈಗ ಎರಡು ಚಮಚ ಬೆಚ್ಚಗಿನ ನೀರು ಚಿಮುಕಿಸಿ ಕೈಯಲ್ಲಿ ನಾದಿ, ಮುಷ್ಟಿಯಲ್ಲಿ ಹಿಂಡುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಲ್ಲಿ ಬಂಗಾರದ ಬಣ್ಣದ ಎಣ್ಣೆ ಇಣುಕುತ್ತದೆ. ಅದನ್ನು ಒಂದು ಬಟ್ಟಲಿಗೆ ಹಿಂಡಿ ಇಟ್ಟುಕೊಳ್ಳಿ. ಬಡಿಸುವಾಗ ಮೇಲೆ ಹನಿ ಹನಿಯಾಗಿ ಹಾಕಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಣ್ಣೆ ಬರದಿದ್ದರೆ ಚಿಂತೆ ಬೇಡ.

ಈ ಗಟ್ಟಿ ಹಿಟ್ಟು ಬದನೆಕಾಯಿಗೆ, ಸೊಪ್ಪಿಗೆ. ಬಾಜೆ ಬೇಕಾದರೆ ಇದಕ್ಕೇ 2 ದೊಡ್ಡ ಚಮಚ ದ್ರಾಕ್ಷಿ ವಿನೆಗರ್ ಅಥವಾ ದಾಳಿಂಬೆ ರಸ, ಆಮೇಲೆ ಕುದಿಸಿ ಆರಿಸಿದ ನೀರು ಸುಮಾರು 250 ಮಿಲಿ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಸಿ. ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು. ಅರ್ಧ ಗಂಟೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ತೆಳ್ಳಗೆ ಇಡಿ. ಇದನ್ನು ಬೆಂಕಿಗೆ ತೋರಿಸಬಾರದು. ಕೆಂಡದ ಮೇಲೆ ಅಕ್ರೋಟ್ ಬೇಗ ಸುಟ್ಟು ಕಹಿಯಾಗುತ್ತದೆ, ಪಾತ್ರೆಯಲ್ಲಿ ಕುದಿಸಿದರೆ ಒಡೆಯುತ್ತದೆ. ಬಿಸಿ ತರಕಾರಿ, ತಣ್ಣನೆಯ ಬಾಜೆ, ಹೀಗೇ ಬಡಿಸಬೇಕು. ಹೂಕೋಸಿಗೆ ಇದು ಅದ್ಭುತ. ದೊಡ್ಡ ತುಂಡು ಮಾಡಿ ಆವಿಯಲ್ಲಿ ಐದು ನಿಮಿಷ ಬೇಯಿಸಿ, ಒರೆಸಿ, ಎಣ್ಣೆ ಉಪ್ಪು ಹಚ್ಚಿ ಕೆಂಡದಲ್ಲಿ ಅಂಚು ಕಪ್ಪಾಗುವವರೆಗೆ ಸುಟ್ಟು ಬಾಜೆ ಹೊಯ್ಯಿರಿ.

ಹುಳಿಯ ಲೆಕ್ಕ

ತ್ಕೆಮಲಿ ಒಂದು ಹುಳಿ ಪ್ಲಮ್‌ನ ಹೆಸರು, ಅದರ ಚಟ್ನಿಯ ಹೆಸರೂ ಅದೇ. ವಸಂತದ ಕಾಯಿಯಿಂದ ಹಸಿರು ತ್ಕೆಮಲಿ, ಬೇಸಿಗೆಯ ಕೊನೆಯ ಹಣ್ಣಿನಿಂದ ಕೆಂಪು. ಹಸಿರು ಚುರುಕು, ಕೆಂಪು ಸ್ವಲ್ಪ ದುಂಡು. ಸುಟ್ಟ ಆಲೂಗಡ್ಡೆ, ಅಣಬೆಗೆ ನನಗೆ ಹಸಿರೇ ಇಷ್ಟ. 1 ಕಿಲೋ ಹುಳಿ ಪ್ಲಮ್ ಅನ್ನು ಅರ್ಧ ಲೋಟ ನೀರಲ್ಲಿ ಸಿಪ್ಪೆ ಬಿರಿಯುವವರೆಗೆ, ಅಂದರೆ 10ರಿಂದ 15 ನಿಮಿಷ ಬೇಯಿಸಿ ಜರಡಿಯಲ್ಲಿ ಉಜ್ಜಿ ತಿರುಳು ತೆಗೆಯಿರಿ. ಉಪ್ಪು, ಕೊತ್ತಂಬರಿ ಪುಡಿ 1 ಸಣ್ಣ ಚಮಚ, ಒಂದು ಮೆಣಸಿನಕಾಯಿ ಹಾಕಿ ಐದು ನಿಮಿಷ ಕುದಿಸಿ, ಇಳಿಸಿದ ಮೇಲೆ ಜಜ್ಜಿದ ಬೆಳ್ಳುಳ್ಳಿ 5 ಎಸಳು, ಸಬ್ಬಸಿಗೆ, ಕೊತ್ತಂಬರಿ ಸೊಪ್ಪು ಸೇರಿಸಿ. ಅಲ್ಲಿ ಇದಕ್ಕೆ ಓಂಬಲೋ ಅನ್ನುವ ಪುದೀನ ಜಾತಿಯ ಸೊಪ್ಪು ಹಾಕುತ್ತಾರೆ. ಚಿಟಿಕೆಯಷ್ಟು ಸೊಪ್ಪು ಅಡುಗೆಗೆ ಸರಿ. ಆದರೆ ಆ ಗಿಡದಿಂದ ತೆಗೆದ ಎಣ್ಣೆ ವಿಷ, ಅದನ್ನು ಯಾರೂ ಬಳಸಬಾರದು. ಗರ್ಭಿಣಿಯರು ಸೊಪ್ಪನ್ನೂ ಮುಟ್ಟದಿರುವುದು ಒಳ್ಳೆಯದು. ಬದಲಿಗೆ ಪುದೀನ ಹಾಕಿ. ಪ್ಲಮ್ ಸಿಹಿಯಾಗಿದ್ದರೆ ವಿನೆಗರ್ ಸುರಿದು ಸರಿಮಾಡಲು ಹೋಗಬೇಡಿ, ಕಾಯಿ ಹಂತದ ಹಣ್ಣನ್ನೇ ಹುಡುಕಿ.

ದಾಳಿಂಬೆಯದು ಇನ್ನೂ ಸರಳ. ಒಂದು ಪಾತ್ರೆಗೆ ತೆಳ್ಳಗೆ ಹೆಚ್ಚಿದ ಈರುಳ್ಳಿ ಹಾಕಿ ಇಟ್ಟಿರಿ. ಕಂಬಿಯಿಂದ ಬಿಸಿಬಿಸಿ ತರಕಾರಿಯನ್ನು ಅದರೊಳಗೇ ಎಳೆದು ಬೀಳಿಸಿ, ಅರ್ಧ ಹಣ್ಣಿನ ರಸ ಹಿಂಡಿ, ಮುಚ್ಚಳ ಹಾಕಿ ನಾಲ್ಕು ಸಲ ಕುಲುಕಿ, ಎರಡು ನಿಮಿಷ ಬಿಡಿ. ಈರುಳ್ಳಿ ಬಾಡುತ್ತದೆ, ಆದರೆ ಬೇಯುವುದಿಲ್ಲ. ಹೊಗೆಯ ರಸ, ಹಣ್ಣಿನ ಹುಳಿ, ಈರುಳ್ಳಿಯ ಖಾರ ಮೂರೂ ಒಂದಾಗಿ ತಳದಲ್ಲಿ ನಿಲ್ಲುತ್ತವೆ. ಮ್ತ್ಸ್ವಾದಿಗೆ ಮಾಡುವ ಕ್ರಮವೇ ಇದು. ಟೋಫುಗೂ ಹೀಗೇ ಮಾಡಿ. ಟೋಫು ಜಾರ್ಜಿಯಾದ್ದಲ್ಲ, ಆದರೂ ಚೆನ್ನಾಗಿ ಒತ್ತಿ ನೀರು ತೆಗೆದು, ಉಪ್ಪುನೀರಲ್ಲಿ ಒಂದು ಗಂಟೆ ಇಟ್ಟು ಸುಟ್ಟರೆ ಈ ಈರುಳ್ಳಿ ಪಾತ್ರೆ ಅದಕ್ಕೆ ಜೀವ ಕೊಡುತ್ತದೆ.

ಈಗ ಬೆಂಕಿ

ಕಾಖೇತಿಯಲ್ಲಿ ದ್ರಾಕ್ಷಿ ಬಳ್ಳಿ ಸವರಿದ ಒಣ ಕಡ್ಡಿಗಳನ್ನು ಕಟ್ಟು ಕಟ್ಟಿ ಇಟ್ಟುಕೊಳ್ಳುತ್ತಾರೆ, ತ್ಸಲಾಮಿ ಅಂತ ಹೆಸರು. ಧಗ್ಗನೆ ಉರಿದು ಬೇಗ ಕೆಂಡವಾಗುತ್ತದೆ, ಕಾವು ಜೋರು. ಇದ್ದಿಲಿನ ಮೇಲೆ ಒಂದು ಹಿಡಿ ಬಳ್ಳಿ ಕಡ್ಡಿ ಸೇರಿಸಿದರೂ ಆ ಹೊಗೆ ಸ್ವಲ್ಪ ಸಿಗುತ್ತದೆ. ಜ್ವಾಲೆ ಇರುವಾಗ ಏನನ್ನೂ ಇಡಬೇಡಿ. ಕೆಂಡದ ಮೇಲೆ ಬೂದಿ ಪೊರೆ ಬರಲಿ.

ಮೊದಲು ಬದನೆಕಾಯಿ, ಅದಕ್ಕೆ ಹೊತ್ತು ಬೇಕು. ಇಡಿಯಾಗಿ, ಎಣ್ಣೆ ಉಪ್ಪು ಏನೂ ಇಲ್ಲದೆ, ಎರಡು ಕಡೆ ಚಾಕುವಿನಿಂದ ಚುಚ್ಚಿ ಇಡಿ. ತಿರುಗಿಸುತ್ತಾ 20ರಿಂದ 25 ನಿಮಿಷ, ಸಿಪ್ಪೆ ಕಪ್ಪಾಗಿ ಮೈ ಕುಸಿಯಬೇಕು. ಮುಚ್ಚಿಟ್ಟು ಹತ್ತು ನಿಮಿಷದ ನಂತರ ಸಿಪ್ಪೆ ಸುಲಿಯಿರಿ. ನಲ್ಲಿ ನೀರಲ್ಲಿ ತೊಳೆಯಬೇಡಿ, ಹೊಗೆಯೆಲ್ಲ ನೀರಿಗೆ ಹೋಗುತ್ತದೆ. ಜರಡಿಯಲ್ಲಿಟ್ಟು ಕಹಿ ರಸ ಇಳಿಯಲು ಬಿಡಿ. ಎರಡು ದೊಡ್ಡ ಬದನೆಕಾಯಿಗೆ ಅರ್ಧ ಅಳತೆ ಅಕ್ರೋಟ್ ಹಿಟ್ಟು, ಸ್ವಲ್ಪ ವಿನೆಗರ್, ಕೊತ್ತಂಬರಿ ಸೊಪ್ಪು, ಮೇಲೆ ದಾಳಿಂಬೆ ಕಾಳು. ಇಷ್ಟೇ.

ಅದೇ ಹೊತ್ತಿಗೆ ದೊಣ್ಣೆ ಮೆಣಸಿನಕಾಯಿ, ಟೊಮೇಟೊ ಕೂಡ ಇಡಿಯಾಗಿ ಸುಡಿ. ಬದನೆಕಾಯಿಯ ಜೊತೆ ಇವನ್ನೂ ಸುಲಿದು ಒರಟಾಗಿ ಹೆಚ್ಚಿ, ಬೆಳ್ಳುಳ್ಳಿ, ರೆಹಾನಿ, ಕೊತ್ತಂಬರಿ ಸೊಪ್ಪು, ಅರ್ಧ ಚಮಚ ಖ್ಮೇಲಿ ಸುನೇಲಿ, ಅಜಿಕಾ ಬೆರೆಸಿದರೆ ಅಜಾಪ್ಸಂದಾಲಿಯ ಕೆಂಡದ ರೂಪ ಸಿಗುತ್ತದೆ. ಒಲೆಯ ಮೇಲೆ ಪಲ್ಯದ ಹಾಗೆ ಬೇಯಿಸುವ ತಿಂಡಿ ಅದು, ನನಗೆ ಸುಟ್ಟದ್ದೇ ಹೆಚ್ಚು ಇಷ್ಟ.

ಅಣಬೆಗೆ ನಿಜವಾಗಿಯೂ ಗಮನ ಕೊಡಿ. ದೊಡ್ಡ ಟೊಪ್ಪಿಯ ಅಣಬೆ ಬೇಕು. ತೊಳೆದು ನೆನೆಸಬೇಡಿ, ಬಟ್ಟೆಯಲ್ಲಿ ಒರೆಸಿ. ಕಾಂಡ ಕಿತ್ತು, ಟೊಪ್ಪಿಯ ಬೆನ್ನು ಕೆಂಡದ ಕಡೆಗೆ ಬರುವಂತೆ ಜಾಲರಿಯ ಮೇಲೆ ಇಡಿ. ಆರೇಳು ನಿಮಿಷಕ್ಕೆ ಬಟ್ಟಲಿನೊಳಗೆ ರಸ ತುಂಬಿಕೊಳ್ಳುತ್ತದೆ. ಆಗ ಒಂದು ಚಿಟಿಕೆ ಸ್ವಾನುರಿ ಮರಿಲಿಯನ್ನು ಆ ರಸಕ್ಕೇ ಹಾಕಿ. ತಿರುಗಿಸಲೇಬೇಡಿ, ರಸ ಚೆಲ್ಲಿದರೆ ಅರ್ಧ ರುಚಿ ಹೋಯಿತು ಅಂತಲೇ ಅರ್ಥ. ಜಾರ್ಜಿಯಾದಲ್ಲಿ ಅಣಬೆಯನ್ನು ಕೆತ್ಸಿ ಅನ್ನುವ ಮಣ್ಣಿನ ತಟ್ಟೆಯಲ್ಲಿ ಹೀಗೆ ಬೆನ್ನ ಮೇಲೆ ಮಲಗಿಸಿ ಸುಡುತ್ತಾರೆ, ಬಹಳ ಸಲ ಸುಲುಗುನಿ ಗಿಣ್ಣು ತುಂಬುತ್ತಾರೆ. ನಾವು ಗಿಣ್ಣಿನ ಬದಲು ಇಳಿಸಿದ ಮೇಲೆ ಅರ್ಧ ಚಮಚ ಅಕ್ರೋಟ್ ಹಿಟ್ಟು ಇಡೋಣ. ರಸದಲ್ಲಿ ಅದು ಕರಗಿ ಗ್ರೇವಿಯ ಹಾಗಾಗುತ್ತದೆ, ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಿ.

ಮುಸುಕಿನ ಜೋಳ ಸುಟ್ಟು ಹಸಿರು ಅಜಿಕಾ ಉಜ್ಜಿ. ಕುಂಬಳಕಾಯಿಗೆ ಬಾಜೆ. ಈರುಳ್ಳಿ ಇಡಿಯಾಗಿ ಬೂದಿಯಲ್ಲಿ ಹೂತು ಬೇಯಿಸಿದರೆ ಕೆಂಪು ತ್ಕೆಮಲಿ.

ತಟ್ಟೆಗೆ ಹಾಕುವಾಗ ಎಲ್ಲದರ ಮೇಲೂ ಎಲ್ಲವನ್ನೂ ಸುರಿಯಬೇಡಿ. ಅಕ್ರೋಟ್ ಇದ್ದಲ್ಲಿ ದಾಳಿಂಬೆ ಸಾಕು, ತ್ಕೆಮಲಿ ಬೇಡ. ತ್ಕೆಮಲಿ ಇದ್ದಲ್ಲಿ ಉಪ್ಪು ಮತ್ತು ಸೊಪ್ಪು ಮಾತ್ರ. ಒಂದು ದೊಡ್ಡ ತಟ್ಟೆಯಲ್ಲಿ ಕೊತ್ತಂಬರಿ, ಟಾರಗನ್, ರೆಹಾನಿ, ಈರುಳ್ಳಿ ಹೂಗಳನ್ನು ಕತ್ತರಿಸದೆ ಕಡ್ಡಿ ಸಮೇತ ಇಡಿ, ತಿನ್ನುವವರು ಕೈಯಲ್ಲಿ ಮುರಿದು ತುತ್ತಿಗೆ ಸೇರಿಸಿಕೊಳ್ಳುತ್ತಾರೆ. ಜೊತೆಗೆ ಶೋತಿಸ್ ಪುರಿ ಅನ್ನುವ ದೋಣಿಯಾಕಾರದ ಬ್ರೆಡ್, ಅಥವಾ ಪಶ್ಚಿಮದವರ ಹಾಗೆ ಮ್ಚಾದಿ ಅನ್ನುವ ಮುಸುಕಿನ ಜೋಳದ ರೊಟ್ಟಿ.

ಕೆಲಸ ಹಂಚಿಕೊಳ್ಳಲು ಹೀಗೆ ಮಾಡಿ: ತ್ಕೆಮಲಿ, ಉಪ್ಪು, ಅಜಿಕಾ ಮೂರು ದಿನ ಮುಂಚೆ. ಅಕ್ರೋಟ್ ಹಿಟ್ಟು ಅವತ್ತು ಬೆಳಿಗ್ಗೆ. ಸೊಪ್ಪು, ಈರುಳ್ಳಿ, ದಾಳಿಂಬೆ ಕೆಂಡ ಆಗುವ ಹೊತ್ತಿಗೆ. ಬಾಜೆ ಉಳಿದರೆ ಮುಚ್ಚಿ ಫ್ರಿಜ್‌ನಲ್ಲಿಡಿ, ಎರಡು ದಿನದೊಳಗೆ ಮುಗಿಸಿ. ಮರುದಿನ ಮುದ್ದೆಯಾಗಿರುತ್ತದೆ, ಬೆಚ್ಚಗಿನ ನೀರು ಎರಡು ಚಮಚ ಹಾಕಿ ಕಲಸಿ, ಉಳಿದ ಬದನೆಕಾಯಿಯ ಜೊತೆ ಬ್ರೆಡ್ಡಿನೊಳಗೆ ಇಟ್ಟು ತಿನ್ನಿ.